ಹಳೇ ಕಾಲು ಮಿಷನ್, ದಪ್ಪ ಜೀನ್ಸ್: ಹೊಲಿಗೆ ಬಿಟ್ಟು ಹೋಗುತ್ತಿದ್ದರೆ ಎಲ್ಲಿಂದ ಹುಡುಕಬೇಕು

ದಾವಣಗೆರೆಯಲ್ಲಿ ಹಳೇ ಜೀನ್ಸ್, ಮಿಲ್ ಕಾಲದ ಖಾಕಿ, ಕಪ್ಪು ಬಣ್ಣದ ಕಾಲು ಮಿಷನ್ ಅಂದರೆ ಜೀವ ಬಿಡುವವರು ಕೆಲವರಿದ್ದೇವೆ. ನಮ್ಮೊಳಗೆ ಪದೇ ಪದೇ ಕೇಳಿಬರುವ ದೂರು ಒಂದೇ. ಶರ್ಟು, ರವಿಕೆ, ದಿಂಬಿನ ಕವರು ಎಲ್ಲವನ್ನೂ ಮಿಷನ್ ಚೆನ್ನಾಗಿ ಹೊಲಿಯುತ್ತದೆ. ಜೀನ್ಸ್ ಬಾಟಮ್ ಮಡಚಲು ಕೂತರೆ ಮಾತ್ರ, ಸೈಡ್ ಹೊಲಿಗೆ ಹತ್ತಿರ ಬಂದ ಕೂಡಲೇ ಎರಡು ಮೂರು ಹೊಲಿಗೆ ಬಿಟ್ಟು ಹೋಗುತ್ತದೆ. ಆ ಜಾಗದಲ್ಲಿ ಮೇಲಿನ ದಾರ ಬಟ್ಟೆಯ ಮೇಲೆ ಸುಮ್ನೆ ಉದ್ದಕ್ಕೆ ಮಲಗಿರುತ್ತದೆ. ಕೆಳಗಿನ ದಾರಕ್ಕೆ ಅದು ಸಿಕ್ಕಿಕೊಂಡೇ ಇರುವುದಿಲ್ಲ.

ಇದನ್ನು ಯಾರಿಗೆ ತೋರಿಸಿದರೂ ಎರಡು ಉತ್ತರ ರೆಡಿ ಇರುತ್ತವೆ. "ಟೈಮಿಂಗ್ ಹೋಗಿದೆ" ಅನ್ನುವುದು ಒಂದು, ಅಂದರೆ ಸೂಜಿಯೂ ಅದರ ದಾರ ಹಿಡಿಯುವ ಕೆಳಗಿನ ಭಾಗವೂ ಸರಿಯಾದ ಹೊತ್ತಿಗೆ ಸೇರುತ್ತಿಲ್ಲ ಅಂತ. "ಇದು ಮನೆ ಮಿಷನ್ ಕಣ್ರೀ, ಜೀನ್ಸ್‌ಗೆ ಆಗಲ್ಲ, ಗುಜರಿಗೆ ಹಾಕಿ" ಅನ್ನುವುದು ಇನ್ನೊಂದು. ಎರಡನ್ನೂ ಅಷ್ಟು ಬೇಗ ಒಪ್ಪಬೇಡಿ. ಸ್ಕ್ರೂ ಡ್ರೈವರ್ ಹಿಡಿಯುವ ಮುಂಚೆ ಹೊಲಿಗೆ ಎಲ್ಲಿ ಬಿಡುತ್ತಿದೆ ಅನ್ನುವುದನ್ನು ಸರಿಯಾಗಿ ನೋಡಿ. ದೋಷ ಎಲ್ಲಿದೆ ಅಂತ ಆ ಜಾಗವೇ ಹೇಳುತ್ತದೆ. ಟೈಮಿಂಗ್ ಮುಟ್ಟುವುದು ಕಟ್ಟಕಡೆಯ ಕೆಲಸ.

ಇಲ್ಲಿ ಹೇಳುತ್ತಿರುವುದು ಸಿಂಗರ್ 15 ಮಾದರಿಯ ಮಿಷನ್‌ಗಳ ಬಗ್ಗೆ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಿಂದ ಬಂದ 15ಕೆ ಇದೇ ಜಾತಿ. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ನಮ್ಮ ಮನೆಗಳಲ್ಲಿ ಜಾಸ್ತಿ ಇರುವ ಹಳೇ ಕಪ್ಪು ಉಷಾ ಕೂಡ ಇದೇ ಅಚ್ಚಿನದು. ಬಾಬಿನ್ (ಕೆಳಗಿನ ದಾರದ ಉರುಳೆ), ಅದು ಕೂರುವ ಬಾಬಿನ್ ಕೇಸ್, ಸೂಜಿಯ ದಾರ ಹಿಡಿಯುವ ಶಟಲ್ ಎಲ್ಲ ಇವತ್ತಿಗೂ ಸಿಗುತ್ತವೆ. ಇಂಥ ಮಿಷನ್‌ನ ಕಬ್ಬಿಣಕ್ಕೆ, ಗೇರಿಗೆ ಜೀನ್ಸ್ ಬಟ್ಟೆ ದೊಡ್ಡ ಭಾರವೇ ಅಲ್ಲ. ಸೂಜಿ ಬಟ್ಟೆಯೊಳಗೆ ಇಳಿಯುತ್ತಿದೆ ಅಂದರೆ ಶಕ್ತಿ ಸಾಕಷ್ಟಿದೆ ಅಂತಲೇ ಅರ್ಥ. ಹೊಲಿಗೆ ಬಿಡುವುದಕ್ಕೆ ಕಾರಣ ಬೇರೆ.

ಮೊದಲು ಒಂದು ಪರೀಕ್ಷೆ

ಬಾಟಮ್ ಕತ್ತರಿಸಿದಾಗ ಉಳಿಯುವ ತುಂಡನ್ನು ಬಿಸಾಡಬೇಡಿ. ಅದೇ ಬಟ್ಟೆ, ಅದೇ ದಪ್ಪ, ಸೈಡ್ ಹೊಲಿಗೆಯೂ ಅದರಲ್ಲೇ ಇರುತ್ತದೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಮೊದಲು ಎರಡು ಪದರ ಇಟ್ಟು ಒಂದು ಗೇಣು ನೇರವಾಗಿ ಹೊಲಿಯಿರಿ. ಆಮೇಲೆ ನಾಲ್ಕು ಪದರ. ಕೊನೆಗೆ ಬಾಟಮ್ ಥರವೇ ಎರಡು ಸಲ ಮಡಚಿ, ಸೈಡ್ ಹೊಲಿಗೆಯ ಉಬ್ಬು ದಾಟಿಸಿ.

ಎರಡೇ ಪದರದ ನೇರ ಜಾಗದಲ್ಲೂ ಬಿಡುತ್ತಿದ್ದರೆ ಸೂಜಿ ಅಥವಾ ದಾರದ ತಪ್ಪು. ಉಬ್ಬಿನ ಹತ್ತಿರ ಮಾತ್ರ ಬಿಡುತ್ತಿದ್ದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್ ಓರೆಯಾಗುತ್ತಿದೆ. ಹೊಸ ಸೂಜಿ ಹಾಕಿದ ಮೇಲೂ, ತೆಳು ಕಾಟನ್ ಕೊಟ್ಟರೂ ಬಿಡುತ್ತಿದ್ದರೆ ಆಗ ಶಟಲ್ ಮತ್ತು ಸೂಜಿ ಹಿಡಿದಿರುವ ನೀಡಲ್ ಬಾರ್ ಕಡೆ ನೋಡಬೇಕು. ಹೊಲಿಗೆ ಬಿಡುತ್ತಿಲ್ಲ, ಆದರೆ ಬಟ್ಟೆಯ ಅಡಿಯಲ್ಲಿ ದಾರ ಗೂಡು ಕಟ್ಟುತ್ತಿದೆ ಅಂದರೆ ಅದು ಬೇರೆಯೇ ಕಾಯಿಲೆ. ಅಡಿಯಲ್ಲಿ ಗೂಡು ಕಂಡಿತು ಅಂತ ಎಲ್ಲರೂ ಬಾಬಿನ್ ಬಿಚ್ಚುತ್ತಾರೆ. ಸಾಮಾನ್ಯವಾಗಿ ತಪ್ಪು ಇರುವುದು ಮೇಲುಗಡೆ: ದಾರ, ಅದನ್ನು ಬಿಗಿ ಹಿಡಿಯುವ ಟೆನ್ಷನ್ ತಟ್ಟೆಗಳ ನಡುವೆ ಕೂತಿರುವುದಿಲ್ಲ, ಇಲ್ಲವೇ ಫೂಟ್ ಇಳಿಸಿರುವುದಿಲ್ಲ.

ಕುಣಿಕೆ ಕಣ್ಣಿಂದ ನೋಡಿ

ಹೊಲಿಗೆ ಹೇಗೆ ಬೀಳುತ್ತದೆ ಅಂತ ಒಮ್ಮೆ ನೋಡಿಕೊಂಡರೆ ಮುಂದಿನದೆಲ್ಲ ಸುಲಭ. ಸೂಜಿ ಇಳಿಯುವ ಪ್ಲೇಟಿನ ಪಕ್ಕದ ಜಾರುವ ತಗಡು ಸರಿಸಿ, ಟಾರ್ಚ್ ಹಿಡಿದು, ಚಕ್ರವನ್ನು ಕೈಯಿಂದ ನಿಮ್ಮ ಕಡೆಗೆ ನಿಧಾನಕ್ಕೆ ತಿರುಗಿಸಿ. ಸೂಜಿ ಪೂರ್ತಿ ಕೆಳಗಿಳಿಯುತ್ತದೆ. ಮತ್ತೆ ಮೇಲೆ ಹೊರಟ ಕ್ಷಣದಲ್ಲಿ ಬಟ್ಟೆ ದಾರವನ್ನು ಹಿಡಿದುಕೊಳ್ಳುತ್ತದೆ. ಸೂಜಿ ಮೇಲೇರುತ್ತದೆ, ದಾರ ಏರುವುದಿಲ್ಲ. ಹಾಗಾಗಿ ಸೂಜಿ ಕಣ್ಣಿನ ಹತ್ತಿರ ಅಕ್ಕಿ ಕಾಳಿನಷ್ಟು ಚಿಕ್ಕ ಕುಣಿಕೆ ಉಬ್ಬುತ್ತದೆ. ಶಟಲ್‌ನ ಚೂಪು ಮೂತಿ ಅದೇ ಹೊತ್ತಿಗೆ ಬಂದು ಆ ಕುಣಿಕೆಯೊಳಗೆ ನುಗ್ಗಬೇಕು. ನುಗ್ಗಿದರೆ ಹೊಲಿಗೆ. ನುಗ್ಗದಿದ್ದರೆ ಬಿಟ್ಟ ಹೊಲಿಗೆ.

ಅಂದರೆ ಕಾರಣಗಳು ಎರಡೇ. ಕುಣಿಕೆ ಸರಿಯಾಗಿ ಆಗುತ್ತಿಲ್ಲ, ಅಥವಾ ಕುಣಿಕೆ ಇದ್ದ ಜಾಗಕ್ಕೆ ಮೂತಿ ಬರುತ್ತಿಲ್ಲ. ಚೆನ್ನಾಗಿ ನಡೆಯುತ್ತಿದ್ದ ಮಿಷನ್ ಜೀನ್ಸ್ ಮೇಲೆ ಮಾತ್ರ ತಪ್ಪಿದರೆ ನಾನು ಮೊದಲನೆಯದನ್ನೇ ಅನುಮಾನಿಸುತ್ತೇನೆ.

ಸೂಜಿ

ಚೌಕಿಪೇಟೆಯ ಒಬ್ಬರು ಅಕ್ಕನ ಮನೆಯಲ್ಲಿ ಇಂಥದ್ದೇ ತೊಂದರೆ ಇತ್ತು. ಮಗನ ಬಳ್ಳಾರಿ ಜೀನ್ಸ್‌ಗೆ ಬಾಟಮ್ ಮಡಚಬೇಕು, ಅರ್ಧಕ್ಕರ್ಧ ಹೊಲಿಗೆ ಬೀಳುತ್ತಿಲ್ಲ. ರಿಪೇರಿಯವರು ಟೈಮಿಂಗ್ ಅಂತ ಹೇಳಿಹೋಗಿದ್ದರು. ನಾನು ಸೂಜಿ ಬಿಚ್ಚಿ ಬೆರಳ ನಡುವೆ ಹೊರಳಿಸಿದೆ. ಮೇಲ್ಭಾಗ ಪೂರ್ತಿ ದುಂಡಗಿತ್ತು.

"ಅಕ್ಕಾ, ಈ ಸೂಜಿ ಎಲ್ಲಿ ತಂದ್ರಿ?"

"ಪಕ್ಕದ ಟೈಲರ್ ಅಂಗಡಿ ಹುಡುಗ ಕೊಟ್ಟ ಕಣಪ್ಪ. ಜೀನ್ಸ್ ಹೊಲಿಯೋ ಸೂಜಿ ಅಂದ."

ಹುಡುಗ ಸುಳ್ಳು ಹೇಳಿರಲಿಲ್ಲ. ಅದು ಕಾರ್ಖಾನೆ ಮಿಷನ್‌ಗೆ ಹಾಕುವ ಡಿಬಿ×1 ಸೂಜಿ. ಅಕ್ಕನ ಮಿಷನ್‌ಗೆ ಬೇಕಾದದ್ದು ಎಚ್‌ಎ×1, ಅಂದರೆ ಮೇಲ್ಭಾಗದ ಒಂದು ಬದಿ ಚಪ್ಪಟೆ ಇರುವ ಸೂಜಿ. ದುಂಡು ಸೂಜಿಯ ಮೇಲ್ಭಾಗ ತೆಳ್ಳಗಿರುತ್ತದೆ. ಮನೆ ಮಿಷನ್‌ನ ಕ್ಲ್ಯಾಂಪಿನಲ್ಲಿ ಅದು ನಡುವಿಗೆ ಕೂರುವುದಿಲ್ಲ. ಸೂಜಿಗೂ ಶಟಲ್ ಮೂತಿಗೂ ನಡುವಿನ ದೂರ ಕೆಡುತ್ತದೆ. ರವಿಕೆ ಬಟ್ಟೆಯಲ್ಲಿ ಹೇಗೋ ನಡೆದುಹೋಗುತ್ತದೆ, ದಪ್ಪದಲ್ಲಿ ನಡೆಯುವುದಿಲ್ಲ. ಚಪ್ಪಟೆ ಸೂಜಿ ಹಾಕಿದೆವು, ನೇರ ಜಾಗದ ತೊಂದರೆ ಅಲ್ಲಿಗೆ ಮುಗಿಯಿತು.

ಸೂಜಿ ಯಾವ ಮುಖಕ್ಕೆ ಹಾಕಬೇಕು ಅನ್ನುವುದರಲ್ಲೂ ಗೊಂದಲ ಜಾಸ್ತಿ. ಒಂದು ನಿಯಮ ನೆನಪಿಟ್ಟರೆ ಯಾವ ಮಿಷನ್‌ಗೂ ಸಾಕು. ಸೂಜಿಯ ಒಂದು ಬದಿಗೆ ಉದ್ದಕ್ಕೆ ಗೀರು ಇರುತ್ತದೆ. ದಾರ ಒಳಹೋಗುವುದು ಆ ಬದಿಯಿಂದ. ಎದುರು ಬದಿಯಲ್ಲಿ ಕಣ್ಣಿನ ಮೇಲೆ ಸಣ್ಣ ತಗ್ಗು ಇರುತ್ತದೆ, ಅದು ಶಟಲ್ ಮೂತಿಯ ಕಡೆಗೆ ಇರಬೇಕು. ಸೂಜಿಯನ್ನು ಕ್ಲ್ಯಾಂಪಿನ ಮೇಲ್ತುದಿ ಮುಟ್ಟುವವರೆಗೆ ತಳ್ಳಿ ಸ್ಕ್ರೂ ಬಿಗಿ ಮಾಡಿ. ಅರ್ಧಕ್ಕೆ ನಿಂತ ಸೂಜಿ ಟೈಮಿಂಗ್ ಹೋದ ಮಿಷನ್‌ನ ಥರವೇ ಕಾಣುತ್ತದೆ.

ನಂಬರ್ ವಿಷಯ. 10–12 ಔನ್ಸಿನ ಜೀನ್ಸ್‌ಗೆ 16 ನಂಬರ್ ಸಾಕು. 14 ಔನ್ಸ್ ಮತ್ತು ಮೇಲಕ್ಕೆ 18. (ಔನ್ಸ್ ಅಂದರೆ ಒಂದು ಚದರ ಗಜ ಬಟ್ಟೆಯ ತೂಕ.) ರವಿಕೆ ಹೊಲಿದ 14 ನಂಬರ್ ಸೂಜಿಯಲ್ಲೇ ಜೀನ್ಸ್‌ಗೆ ಇಳಿದರೆ ಅದು ಬಾಗುತ್ತದೆ. ಬಾಗಿದ್ದು ಕಣ್ಣಿಗೆ ಕಾಣದಿರಬಹುದು. ಗಾಜಿನ ಮೇಲೆ ಸೂಜಿಯ ಚಪ್ಪಟೆ ಬದಿ ಮಲಗಿಸಿ ಬೆಳಕಿಗೆ ಹಿಡಿಯಿರಿ. ಗಾಜಿಗೂ ಸೂಜಿಗೂ ನಡುವಿನ ಬೆಳಕಿನ ಗೆರೆ ಒಂದೇ ಸಮ ಇರಬೇಕು. ತುದಿಯ ಹತ್ತಿರ ಗೆರೆ ಅಗಲವಾದರೆ ಅಥವಾ ಕಿರಿದಾದರೆ ಆ ಸೂಜಿ ಹೋಯಿತು. ಮೊನೆ ಮೊಂಡಾಗಿದೆಯೇ ಅಂತ ಉಗುರಿನ ಮೇಲೆ ಎಳೆದು ನೋಡಿ. ಗೀರು ಬಿದ್ದರೆ ಬದಲಿಸಿ. ಕೆಲವು ರೂಪಾಯಿಯ ಸೂಜಿಗಾಗಿ ಮಿಷನ್ ಬಿಚ್ಚುವುದು ನನಗೆ ಸಹಿಸಲಾಗದ ಕೆಲಸ.

ಬಳ್ಳಾರಿಯಿಂದ ಬರುವ ಈಗಿನ ಜೀನ್ಸ್‌ನಲ್ಲಿ ಎಷ್ಟೋ ಎಳೆದರೆ ಹಿಗ್ಗುವಂಥವು. ಆ ಬಟ್ಟೆ ಸೂಜಿಗೆ ಅಂಟಿಕೊಂಡು ಜೊತೆಗೇ ಮೇಲೇಳುತ್ತದೆ, ಕುಣಿಕೆ ಆಗುವುದಿಲ್ಲ. ಅದಕ್ಕೆ ಸ್ಟ್ರೆಚ್ ಸೂಜಿ ಅಂತಲೇ ಕೇಳಿ ತನ್ನಿ.

ದಾರ

ಒಂದು ಮೊಳ ದಾರಕ್ಕೆ ಬಿಡಿ ಸೂಜಿ ಪೋಣಿಸಿ, ದಾರವನ್ನು ಓರೆಯಾಗಿ ಬಿಗಿ ಹಿಡಿಯಿರಿ. ಸೂಜಿ ತಾನಾಗಿ ಕೆಳಕ್ಕೆ ಜಾರಬೇಕು. ಅಲ್ಲಲ್ಲೇ ನಿಂತರೆ ಆ ಸೂಜಿಗೆ ಆ ದಾರ ದಪ್ಪವಾಯಿತು. ಜೀನ್ಸ್‌ನ ಹಳದಿ ದಪ್ಪ ದಾರದ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇದೆ. ಅದನ್ನು ಮೇಲೆ ಹಾಕಿ, ಬಾಬಿನ್‌ಗೆ ಸಾಧಾರಣ ದಾರ ಸುತ್ತಿ. ಹಳೇ ಟ್ರಂಕಿನಲ್ಲಿ ಸಿಕ್ಕ ಕಾಟನ್ ರೀಲು ನೋಡಲು ಚೆಂದ. ಕೈಯಲ್ಲಿ ಜಗ್ಗಿದರೆ ಪಟ್ ಅಂತ ತುಂಡಾಗುತ್ತಿದ್ದರೆ ಶೋಕೇಸಿಗೆ ಇಡಿ, ಹೊಲಿಗೆಗೆ ಬೇಡ.

ಟೆನ್ಷನ್ ಪಕ್ಕದ ಸಣ್ಣ ತಂತಿ ಸ್ಪ್ರಿಂಗ್ ಮುರಿದಿದೆಯೇ ಅಂತಲೂ ಇದೇ ಹೊತ್ತಿಗೆ ನೋಡಿ. ದಾರ ಸಡಿಲಾಗದಂತೆ ನೋಡಿಕೊಳ್ಳುವುದು ಅದೇ.

ಉಬ್ಬು

ಜಾಸ್ತಿ ಜನ ಸೋಲುವುದು ಇಲ್ಲಿ. ಯಾಕೆ ಅಂತ ಪದರ ಎಣಿಸಿದರೆ ಗೊತ್ತಾಗುತ್ತದೆ. ಬಾಟಮ್ ಎರಡು ಸಲ ಮಡಚಿದಾಗ ನೇರ ಜಾಗದಲ್ಲಿ 3 ಪದರ. ಹಳೇ ಜೀನ್ಸ್‌ನ ಹೊರಗಿನ ಸೈಡ್ ಹೊಲಿಗೆಯಲ್ಲಿ ಬಟ್ಟೆಯ ಅಂಚುಗಳನ್ನು ಎರಡು ಕಡೆಗೆ ಬಿಡಿಸಿ ಇಸ್ತ್ರಿ ಮಾಡಿರುತ್ತಾರೆ. ಹಾಗಾಗಿ ಅಲ್ಲಿ ಮಡಚಿದರೆ 6 ಪದರ. ಕಾಲಿನ ಒಳಬದಿಯ ಹೊಲಿಗೆಯಲ್ಲಿ ಒಂದರೊಳಗೊಂದು ಮಡಚಿ ಕೂಡಿಸಿರುತ್ತಾರೆ. ಅದೇ 4 ಪದರ, ಮಡಚಿದರೆ 12. ಮೂರರಿಂದ ಹನ್ನೆರಡಕ್ಕೆ ಒಂದೇ ಸಲ ಏರಬೇಕು. ಫೂಟ್‌ನ ಮೂಗು ಮೇಲಕ್ಕೆ, ಹಿಂಭಾಗ ಕೆಳಕ್ಕೆ ವಾಲುತ್ತದೆ. ಸೂಜಿಯ ಸುತ್ತ ಬಟ್ಟೆಯನ್ನು ಒತ್ತಿ ಹಿಡಿಯುವವರೇ ಇಲ್ಲ. ಸೂಜಿ ಮೇಲೇಳುವಾಗ ಬಟ್ಟೆಯೂ ಜೊತೆಗೆ ಎದ್ದುಬರುತ್ತದೆ. ಬಟ್ಟೆ ಎದ್ದರೆ ಕುಣಿಕೆ ಎಲ್ಲಿಂದ ಬರಬೇಕು?

ಇದು ಮಿಷನ್‌ನ ದೋಷವೇ ಅಲ್ಲ. ಫೂಟ್ ಮಟ್ಟವಾಗಿ ಕೂರುವಂತೆ ಮಾಡಿದರೆ ಆಯಿತು. ಉಬ್ಬಿನ ಹತ್ತಿರ ಬಂದು ಫೂಟ್‌ನ ಮೂಗು ಏರಲು ಶುರುವಾದಾಗ ನಿಲ್ಲಿಸಿ. ಸೂಜಿ ಬಟ್ಟೆಯೊಳಗೇ ಇರಲಿ. ಫೂಟ್ ಎತ್ತಿ, ಅದರ ಹಿಂಭಾಗದ ಅಡಿಗೆ ಉಬ್ಬಿನಷ್ಟೇ ಎತ್ತರಕ್ಕೆ ಮಡಚಿದ ಜೀನ್ಸ್ ತುಂಡೋ ರಟ್ಟೋ ಇಡಿ. ಫೂಟ್ ಇಳಿಸಿ. ಈಗ ಅದು ಮಟ್ಟವಾಗಿ ಕೂರುತ್ತದೆ. ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಒಂದೊಂದೇ ಹೊಲಿಗೆ ಹಾಕಿ ದಾಟಿಸಿ. ಉಬ್ಬು ಇಳಿಯುವಾಗ ಅದೇ ತುಂಡನ್ನು ತೆಗೆದು ಮೂಗಿನ ಅಡಿಗೆ ಕೊಡಿ. ಇಳಿಯುವಾಗ ಇದನ್ನು ಮರೆಯುವವರೇ ಹೆಚ್ಚು. ಅದಕ್ಕೇ ಎಷ್ಟೋ ಬಾಟಮ್‌ಗಳಲ್ಲಿ ಉಬ್ಬಿನ ಈಚೆ ಬದಿ ಚೆನ್ನಾಗಿದ್ದು, ಆಚೆ ಬದಿಯಲ್ಲಿ ದಾರ ಸಡಿಲವಾಗಿ ನೇತಾಡುತ್ತಿರುತ್ತದೆ.

ಹೊಲಿಯುವ ಮುಂಚೆ ಉಬ್ಬಿಗೆ ಸ್ವಲ್ಪ ನೀರು ಚಿಮುಕಿಸಿ, ಬಿಸಿ ಇಸ್ತ್ರಿ ಒತ್ತಿ, ಗಟ್ಟಿ ಮಣೆಯ ಮೇಲೆ ಇಟ್ಟು ಮರದ ಸುತ್ತಿಗೆಯಿಂದ ಬಡಿಯಿರಿ. ಪದರಗಳು ಅದುಮಿ ಕೂರುತ್ತವೆ. ಒಣ ಸೋಪಿನ ಚೂರನ್ನು ಅಲ್ಲಿ ಉಜ್ಜಿದರೆ ಸೂಜಿ ಸಲೀಸಾಗಿ ಇಳಿಯುತ್ತದೆ.

ಒಂದನ್ನು ಮಾತ್ರ ಮಾಡಬೇಡಿ: ಬಟ್ಟೆ ಮುಂದಕ್ಕೆ ಹೋಗುತ್ತಿಲ್ಲ ಅಂತ ಹಿಂದಿನಿಂದ ಎಳೆಯಬೇಡಿ. ಎಳೆದಾಗ ಸೂಜಿ ಕೂದಲೆಳೆಯಷ್ಟು ಬಾಗಿದರೂ ಮೂತಿ ಕುಣಿಕೆಯ ಪಕ್ಕದಿಂದ ಹೋಗುತ್ತದೆ. ಇನ್ನೂ ಎಳೆದರೆ ಸೂಜಿ ಪ್ಲೇಟಿಗೆ ಬಡಿದು ಮುರಿಯುತ್ತದೆ.

ಫೂಟ್‌ನ ಒತ್ತಡ ಕಡಿಮೆ ಇದ್ದರೂ ಬಟ್ಟೆ ಏಳುತ್ತದೆ. ಮಿಷನ್ ತಲೆಯ ಎಡ ತುದಿಯಲ್ಲಿ, ಮೇಲೆ, ಬೆರಳಲ್ಲಿ ತಿರುಗಿಸುವ ಸ್ಕ್ರೂ ಇದೆ. ರೇಷ್ಮೆಗೆ ಅಂತ ಅದನ್ನು ಸಡಿಲಿಸಿದ್ದರೆ ಜೀನ್ಸ್‌ಗೆ ಒಂದೆರಡು ಸುತ್ತು ಕೆಳಗಿಳಿಸಿ. ಒತ್ತಡ ಜಾಸ್ತಿಯಾದರೆ ಬಾಟಮ್ ಮಡಿಕೆ ಸ್ವಲ್ಪ ತಿರುಚಿಕೊಳ್ಳುತ್ತದೆ. ಕೆಳಗಿನ ಪದರವನ್ನು ಪ್ಲೇಟಿನ ಹಲ್ಲು ಮುಂದಕ್ಕೆ ಒಯ್ಯುತ್ತದೆ, ಮೇಲಿನ ಪದರವನ್ನು ಫೂಟ್ ತಡೆಯುತ್ತದೆ. ಟೈಲರ್‌ಗಳು ಇದನ್ನು ತಪ್ಪು ಅನ್ನುತ್ತಾರೆ. ಹಳೇ ಜೀನ್ಸ್ ಪ್ರೀತಿಸುವವರಿಗೆ ಇದೇ ಬೇಕು! ಹಗ್ಗದ ಹೊಸೆತದ ಥರ ಓರೆ ಓರೆಯಾಗಿ ಮಾಸುವ ಬಾಟಮ್‌ಗಾಗಿ ಯೂನಿಯನ್ ಸ್ಪೆಷಲ್ 43200ಜಿ ಅನ್ನುವ ಚೈನ್ ಹೊಲಿಗೆ ಮಿಷನ್ನನ್ನು ಜಗತ್ತಿನಾದ್ಯಂತ ಹುಡುಕುತ್ತಾರೆ. ಅಷ್ಟು ಚೆನ್ನಾಗಿ ಅಲ್ಲದಿದ್ದರೂ ನಮ್ಮ ಕಾಲು ಮಿಷನ್‌ನಲ್ಲೂ ಆ ತಿರುಚು ಸ್ವಲ್ಪ ಬರುತ್ತದೆ.

ಶಟಲ್, ಕೊನೆಗೆ ಟೈಮಿಂಗ್

ಇಲ್ಲಿಯವರೆಗಿನ ಎಲ್ಲವನ್ನೂ ಮಾಡಿದ ಮೇಲೂ ತೆಳು ಬಟ್ಟೆಯಲ್ಲೇ ಹೊಲಿಗೆ ಬಿಡುತ್ತಿದ್ದರೆ ಶಟಲ್ ಹೊರತೆಗೆಯಿರಿ. ಜೀನ್ಸ್ ಹೊಲಿಯುವ ಮಿಷನ್‌ನಲ್ಲಿ ಅದರ ಗೂಡು ನೀಲಿ ಧೂಳಿನಿಂದ ತುಂಬಿರುತ್ತದೆ. ಎಣ್ಣೆ ಕುಡಿದ ಆ ಧೂಳು ಗಟ್ಟಿಯಾಗಿ ಅಂಟಿ, ಶಟಲ್ ತನ್ನ ಜಾಗದಲ್ಲಿ ಪೂರ್ತಿ ಕೂರದ ಹಾಗೆ ಮಾಡುತ್ತದೆ. ಬ್ರಷ್, ಬಟ್ಟೆಯಿಂದ ಒರೆಸಿ. ಆಮೇಲೆ ಮೂತಿಯ ಮೇಲೆ ಚೂರು ಹತ್ತಿ ಎಳೆಯಿರಿ. ಹತ್ತಿ ಎಳೆ ಸಿಕ್ಕಿಕೊಂಡರೆ ಮೂತಿಯಲ್ಲಿ ಸವಕಲು ಮುಳ್ಳು ಎದ್ದಿದೆ. ತೀರಾ ನಯವಾದ ಪಾಲಿಶ್ ಕಾಗದದಿಂದ ಮೆಲ್ಲಗೆ ಉಜ್ಜಿ. ಆಕಾರ ಬದಲಾಗಬಾರದು. ಮೂತಿ ಮೊಂಡಾಗಿದ್ದರೆ ಉಜ್ಜಿ ಚೂಪು ಮಾಡಲು ಹೋಗಬೇಡಿ, ಮೂತಿ ಗಿಡ್ಡವಾಗುತ್ತದೆ. ಹೊಸ ಶಟಲ್ ಹಾಕಿ.

ಟೈಮಿಂಗ್ ನಿಜಕ್ಕೂ ಹೋಗುವುದು ಹೇಗೆ? ಈ ಮಿಷನ್‌ಗಳಲ್ಲಿ ಅದು ಸುಮ್ಮನೆ ಹೋಗುವಂಥದ್ದಲ್ಲ. ಸೂಜಿ ಯಾವುದಾದರೂ ಗಟ್ಟಿ ವಸ್ತುವಿಗೆ ಬಡಿದಾಗ ನೀಡಲ್ ಬಾರ್ ತನ್ನ ಹಿಡಿತದಿಂದ ಚೂರು ಮೇಲಕ್ಕೆ ಜಾರುತ್ತದೆ. ಜೀನ್ಸ್‌ನಲ್ಲಿ ಆ ಗಟ್ಟಿ ವಸ್ತು ರಿವೆಟ್, ಅಂದರೆ ಜೇಬಿನ ಮೂಲೆಗೆ ಬಡಿದಿರುವ ಲೋಹದ ಮೊಳೆ. ಅಮೆರಿಕದ ನೆವಾಡಾದ ರೀನೋ ಊರಿನ ಟೈಲರ್ ಜೇಕಬ್ ಡೇವಿಸ್, ಕೆಲಸಗಾರರ ಪ್ಯಾಂಟಿನ ಜೇಬು ಹರಿಯಬಾರದು ಅಂತ ತಾಮ್ರದ ರಿವೆಟ್ ಬಡಿದ. ಲಿವೈ ಸ್ಟ್ರಾಸ್ ಕಂಪನಿ ಜೊತೆ ಸೇರಿ 1873ರ ಮೇ 20ರಂದು ಪೇಟೆಂಟ್ ಪಡೆದ. ಹೊರಗೆ ಕಾಣುವ ರಿವೆಟ್ ಆದರೆ ತಪ್ಪಿಸಿಕೊಂಡು ಹೊಲಿಯಬಹುದು. ಆದರೆ 1937ರಿಂದ 1960ರ ದಶಕದ ಮಧ್ಯದವರೆಗಿನ ಅದೇ ಕಂಪನಿಯ ಲಿವೈಸ್ 501 ಜೀನ್ಸ್‌ನಲ್ಲಿ ಹಿಂದಿನ ಜೇಬಿನ ರಿವೆಟ್ ಬಟ್ಟೆಯ ಮರೆಯಲ್ಲಿರುತ್ತದೆ. ಆ ಮಾದರಿಯನ್ನು ನೋಡಿ ಈಗ ಮಾಡಿದ ಪ್ಯಾಂಟ್‌ಗಳಲ್ಲೂ ಹಾಗೇ. ಜೇಬು ರಿಪೇರಿಗೆ ಮುಂಚೆ ಮೂಲೆಗಳನ್ನು ಬೆರಳಲ್ಲಿ ಒತ್ತಿ ನೋಡಿ. ಮಿಷನ್ ಹಿಂದೆ ಯಾವತ್ತಾದರೂ ರಿವೆಟ್‌ಗೆ, ಜಿಪ್‌ಗೆ ಬಡಿದಿತ್ತೇ ಅಂತ ಮಿಷನ್ ಓಡಿಸಿದವರನ್ನೂ ಕೇಳಿ. ಹೌದು ಅಂದರೆ ಬಾರ್ ಮೇಲೆ ಅನುಮಾನ ಇಡಬಹುದು.

ಪರೀಕ್ಷೆ ಹೀಗೆ. ಹೊಸ ಸೂಜಿ ಹಾಕಿ, ದಾರ ತೆಗೆದು, ಪ್ಲೇಟ್ ಬಿಚ್ಚಿ. ಚಕ್ರ ತಿರುಗಿಸಿ ಸೂಜಿಯನ್ನು ಪೂರ್ತಿ ಕೆಳಕ್ಕೆ ತನ್ನಿ. ಅಲ್ಲಿಂದ ಸುಮಾರು 2.4 ಮಿ.ಮೀ. ಮೇಲೇಳಿಸಿ. ಈಗ ಶಟಲ್ ಮೂತಿ ಸೂಜಿಯ ನಡುವಿಗೆ, ಕಣ್ಣಿನ ಮೇಲ್ತುದಿಗಿಂತ ಸುಮಾರು ಒಂದೂವರೆ ಮಿ.ಮೀ. ಮೇಲೆ ಬಂದಿರಬೇಕು. ಮೂತಿ ಕಣ್ಣಿಗೇ ಎದುರಾಗಿದ್ದರೆ ಅಥವಾ ಕಣ್ಣಿಗಿಂತ ಕೆಳಗಿದ್ದರೆ ಬಾರ್ ಮೇಲೆ ಜಾರಿದೆ. ಎಡಬದಿಯ ಮುಖದ ತಗಡು ಬಿಚ್ಚಿದರೆ ಬಾರ್ ಹಿಡಿದಿರುವ ಸ್ಕ್ರೂ ಸಿಗುತ್ತದೆ. ಬಾರ್ ಈಗ ಎಲ್ಲಿದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಬೇಕಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು, ಆಮೇಲೆ ಸ್ಕ್ರೂ ಸ್ವಲ್ಪವೇ ಸಡಿಲಿಸಿ. ಬಾರ್‌ನ್ನು ಕೂದಲೆಳೆಯಷ್ಟು ಇಳಿಸಿ ಬಿಗಿ ಮಾಡಿ, ಮತ್ತೆ ನೋಡಿ. ಬಾರ್ ಬದಿಗೆ ತಿರುಗಬಾರದು. ತಿರುಗಿದರೆ ಸೂಜಿಯ ತಗ್ಗು ಮೂತಿಗೆ ಎದುರಾಗುವುದಿಲ್ಲ. ಮೂತಿ ಸೂಜಿಗೆ ತಾಗದೆ, ನಡುವೆ ಒಂದು ಹಾಳೆಯಷ್ಟೇ ಸಂದಿ ಬಿಟ್ಟು ಹಾದುಹೋಗಬೇಕು.

ಎಣ್ಣೆ, ಬೆಲ್ಟು

ಚಳ್ಳಕೆರೆಯ ಶೇಂಗಾ ಎಣ್ಣೆ ಒಗ್ಗರಣೆಗೆ ಎಷ್ಟು ಒಳ್ಳೆಯದೋ ಮಿಷನ್‌ಗೆ ಅಷ್ಟೇ ಕೆಟ್ಟದ್ದು. ಕೊಬ್ಬರಿ ಎಣ್ಣೆಯೂ ಅಷ್ಟೇ. ಅಡುಗೆ ಎಣ್ಣೆ ಒಣಗಿ ಅಂಟಾಗುತ್ತದೆ, ವರ್ಷ ಕಳೆದರೆ ಕಂದು ಬಣ್ಣದ ವಾರ್ನಿಶ್ ಥರ ಗಟ್ಟಿಯಾಗುತ್ತದೆ. ಚಕ್ರ ತಿರುಗಿಸಲು ಕಷ್ಟವಾದರೆ ಎಣ್ಣೆ ತೂತುಗಳಿಗೆ ಸೀಮೆಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಓಡಿಸಿ, ಕರಗಿದ ಕೊಳೆ ಒರೆಸಿ, ಆಮೇಲೆ ಮಿಷನ್ ಎಣ್ಣೆ ಹಾಕಿ. ಒಲೆ, ದೀಪದಿಂದ ದೂರ ಕೂತು ಮಾಡಿ.

ಉಬ್ಬಿನ ಮೇಲೆ ಪೆಡಲ್ ತುಳಿದರೂ ಮೇಲಿನ ಚಕ್ರ ತಿರುಗದಿದ್ದರೆ ಚರ್ಮದ ಬೆಲ್ಟ್ ಸಡಿಲಾಗಿದೆ. ಒಂದು ಬೆರಳಗಲ ಕತ್ತರಿಸಿ ಕ್ಲಿಪ್ ಮತ್ತೆ ಹಾಕಿ.

ನಿಜವಾಗಿ ಹಳೆಯದಾದ ಬಟ್ಟೆ

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದ ಖಾಕಿ ಚಡ್ಡಿ, ಅಂಗಿಗಳು ಇನ್ನೂ ಕೆಲವು ಮನೆಗಳ ಟ್ರಂಕಿನಲ್ಲಿವೆ. ನನ್ನ ಮಟ್ಟಿಗೆ ಅವು ಯಾವ ಅಮೆರಿಕದ ಜೀನ್ಸ್‌ಗೂ ಕಡಿಮೆಯಲ್ಲ. ಇಂಥ ಬಟ್ಟೆಯ ನೂಲು ಸೊರಗಿರುತ್ತದೆ. ಹೊಲಿಗೆ ಬಿಡುತ್ತಿದೆ ಅಂತ 18 ನಂಬರ್ ಸೂಜಿಗೆ ಹೋಗಬೇಡಿ, 14 ಅಥವಾ 16ರಲ್ಲೇ ನಿಲ್ಲಿ. ಹೊಲಿಗೆ ಉದ್ದ ಇರಲಿ, ಇಂಚಿಗೆ ಏಳೆಂಟು ಸಾಕು. ತೀರಾ ಸಣ್ಣ ಹೊಲಿಗೆ ಹಾಕಿದರೆ ತೂತುಗಳ ಸಾಲಿನಲ್ಲೇ ಬಟ್ಟೆ ಹರಿಯುತ್ತದೆ.

ಹಳೇ ಜೀನ್ಸ್‌ನ ಬಾಟಮ್ ಒಳಗಡೆ ತಿರುಗಿಸಿದಾಗ ಸರಪಳಿಯ ಥರ ಹೊಲಿಗೆ ಕಂಡರೆ ಅದು ಕಾರ್ಖಾನೆಯ ಚೈನ್ ಹೊಲಿಗೆ ಇರಬಹುದು. ಹಿಂದಿನ ಜೇಬಿನ ಕೆಂಪು ಟ್ಯಾಬ್‌ನಲ್ಲಿ ಲಿವೈಸ್ ಹೆಸರಿನ ಎಲ್ಲ ಇಂಗ್ಲಿಷ್ ಅಕ್ಷರಗಳೂ ದೊಡ್ಡವಿದ್ದು, ಅದು 1971ಕ್ಕಿಂತ ಹಿಂದಿನ ಅಸಲಿ ಪ್ಯಾಂಟ್ ಆಗಿದ್ದರಂತೂ ಬಾಟಮ್ ಬಿಚ್ಚಲೇಬೇಡಿ. ಉದ್ದವಾದರೆ ಹೊರಗೆ ಮಡಚಿಕೊಂಡು ಹಾಕಿ.

ಇಷ್ಟಾದರೂ ಸರಿಹೋಗದಿದ್ದರೆ ರಿಪೇರಿಯವರ ಹತ್ತಿರ ಹೋಗಿ. ಹೋಗುವಾಗ ಹೊಲಿಗೆ ಬಿಟ್ಟ ಆ ತುಂಡು, ಹಾಕಿದ್ದ ಸೂಜಿ, ದಾರದ ರೀಲು ಮೂರೂ ಜೊತೆಗಿರಲಿ. "ಅಣ್ಣ, ನೇರ ಜಾಗದಲ್ಲೂ ಬಿಡುತ್ತೆ, ಹೊಸ 16 ನಂಬರ್ ಹಾಕಿ ನೋಡಿದೀನಿ, ಮೂತಿ ಕಣ್ಣಿಗಿಂತ ಕೆಳಗೆ ಬರ್ತಿದೆ" ಅಂತ ಹೇಳಿ. ಕೆಲಸ ಮುಗಿದ ಮೇಲೆ ಅಲ್ಲೇ, ಅದೇ ತುಂಡಿನ ಮೇಲೆ, ಉಬ್ಬು ದಾಟಿಸಿ ತೋರಿಸಲು ಕೇಳಿ.